ಬ್ರೌಸರ್ ಆಟಗಳ ತಯಾರಕರಿಗೊಂದು ಬಹಿರಂಗ ಅಭಿನಂದನಾ ಪತ್ರ

ಗೆ,
ಬ್ರೌಸರ್‌ನಲ್ಲಿ ಆಡುವ ಆನ್‌ಲೈನ್ ಆಟಗಳ ತಯಾರಕರು,
ಸಕಲ ಸರ್ವರ್‌ಗಳು.

ವಿಷಯ: ಕನ್ನಡ ಬಳಸುವ ಆಟಗಾರರಿಗೆ ಕಲ್ಪಿಸಲಾದ ವಿಶೇಷ ಸೌಲಭ್ಯಗಳ ಕುರಿತು.

ಮಾನ್ಯರೇ,

ಬ್ರೌಸರ್ ಆಟಕ್ಕೆ ಇನ್‌ಸ್ಟಾಲ್ ಮಾಡುವ ತಾಪತ್ರಯವಿಲ್ಲ. ಲಿಂಕ್ ಒತ್ತಿದರೆ ಆಟ ತೆರೆಯುತ್ತದೆ. ಕನ್ನಡದವರಿಗೆ ಇದು ಅತಿ ಸುಲಭವಾದೀತೆಂದು ತಯಾರಕರು ಅವರಿಗಾಗಿ ಕೆಲವು ಹೆಚ್ಚುವರಿ ಹಂತಗಳನ್ನು ಉಚಿತವಾಗಿ ಒದಗಿಸಿದ್ದಾರೆ. ಅವುಗಳ ವಿವರ ಹೀಗಿದೆ.

ಮೊದಲನೆಯ ಹಂತ ಹೆಸರು ನೋಂದಣಿ. 'ಶ್ರೀಕೃಷ್ಣ' ಎಂಬ ಹೆಸರು ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 9 ಸಂಕೇತಗಳ ಸಾಲು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಒಟ್ಟು 27 ಬೈಟ್. ಹೆಸರನ್ನು 20 ಬೈಟ್‌ಗೆ ಕತ್ತರಿಸುವ ಆಟ 'ಶ್ರೀಕೃ' ಎಂಬಲ್ಲಿಯವರೆಗೆ ಬರೆದುಕೊಂಡು, ಮುಂದಿನ ಅಕ್ಷರದ ಎರಡು ಬೈಟ್‌ಗಳನ್ನಷ್ಟೇ ಉಳಿಸಿಕೊಂಡು, ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯುಳ್ಳ ಕಪ್ಪು ವಜ್ರವೊಂದನ್ನು ದಯಪಾಲಿಸುತ್ತದೆ. ಜಿಪುಣ ಆಟಗಳು ರೋಮನ್ ಲಿಪಿಯ 26 ಅಕ್ಷರಗಳಾಚೆಗೆ ಏನನ್ನೂ ಒಪ್ಪುವುದಿಲ್ಲ. ಉದಾರ ಆಟಗಳು ಯಾವ ಭಾಷೆಯ ಅಕ್ಷರವಾದರೂ ಸರಿ ಎನ್ನುತ್ತವೆ. ಆದರೆ ಯೂನಿಕೋಡ್ ವರ್ಗೀಕರಣದಲ್ಲಿ ಗುಣಿತದ ಚಿಹ್ನೆಗಳೂ ಹಲಂತವೂ 'ಅಕ್ಷರ'ಗಳಲ್ಲ, 'ಗುರುತು'ಗಳು. ಹೀಗಾಗಿ ಕಮಲ, ಸರಳ, ಭರತ ಇವರಿಗೆ ಪ್ರವೇಶವುಂಟು. ಗೀತಾ, ವಿಷ್ಣು, ಕೃಷ್ಣ ಬಾಗಿಲಲ್ಲೇ ನಿಲ್ಲತಕ್ಕದ್ದು.

ಎರಡನೆಯದು ಓದುವ ಹಂತ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಯೂನಿಕೋಡ್‌ನಲ್ಲಿದೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಗುಣಿತ, ಒತ್ತುಗಳನ್ನು ಕೂಡಿಸಿ ತೋರಿಸುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶದ್ದು. ಆದ್ದರಿಂದ ಸಾಧಾರಣ ವೆಬ್ ಪುಟದಲ್ಲಿ ಕನ್ನಡ ನೆಟ್ಟಗೆ ಕಾಣುತ್ತದೆ. ಅನೇಕ ಆಟಗಳು ಈ ನೆರವನ್ನು ವಿನಯದಿಂದ ನಿರಾಕರಿಸಿ, ವೆಬ್‌ಜಿಎಲ್ ಎಂಬ ಗ್ರಾಫಿಕ್ಸ್ ಪರದೆಯ ಮೇಲೆ ಅಕ್ಷರಗಳ ಚಿತ್ರಗಳನ್ನು ತಾವೇ ಒಂದೊಂದಾಗಿ ಅಂಟಿಸುತ್ತವೆ. ಯೂನಿಟಿ ಎಂಬ ಆಟದ ಎಂಜಿನ್‌ನಲ್ಲಿ ಪಠ್ಯ ತೋರಿಸುವ ಜನಪ್ರಿಯ ಟೆಕ್ಸ್ಟ್‌ಮೆಶ್ ಪ್ರೊ ಕೂಡ ಭಾರತೀಯ ಲಿಪಿಗಳನ್ನು ತಾನಾಗಿ ಕೂಡಿಸುವುದಿಲ್ಲ. ವ್ಯಂಜನ ಒಂದೆಡೆ, ಹಲಂತ ಇನ್ನೊಂದೆಡೆ, ಒತ್ತಾಗಬೇಕಾದದ್ದು ಪೂರ್ಣಾಕ್ಷರವಾಗಿ ಮತ್ತೊಂದೆಡೆ ನಿಂತು ಪದ ಓದುಗನಿಗೆ ಒಗಟಾಗುತ್ತದೆ. ಅಕ್ಷರಗಳು ಸರಿಯಾಗಿ ಕೂಡಿದ ಅಪರೂಪದ ಆಟಗಳಲ್ಲಿ ಬಟನ್‌ನ ಎತ್ತರ ಸಹಾಯಕ್ಕೆ ಬರುತ್ತದೆ. ರೋಮನ್ ಅಕ್ಷರಕ್ಕೆಂದು ಅಳೆದ ಆ ಚೌಕದಲ್ಲಿ ಕೆಳಗಿನ ಒತ್ತು ಕತ್ತರಿಸಿಹೋಗಿ, ಕಣಜದ 'ಅಕ್ಕಿ' 'ಅಕಿ'ಯಾಗುತ್ತದೆ.

ಮೂರನೆಯದು ವ್ಯಾಕರಣ. ಆಟದ ವಾಕ್ಯಗಳನ್ನು ಖಾಲಿ ಜಾಗ ಬಿಟ್ಟು ಬರೆದಿಟ್ಟು, ಊರಿನ ಹೆಸರನ್ನು ಆಮೇಲೆ ತುಂಬುವುದು ರೂಢಿ. ಖಾಲಿ ಜಾಗದ ಪಕ್ಕದಲ್ಲಿ 'ಗೆ' ಎಂಬ ಪ್ರತ್ಯಯ ಕಾಯುತ್ತಿರುತ್ತದೆ. ಸೇನೆ ಬಳ್ಳಾರಿಗೆ ಹೊರಟರೆ ತೊಂದರೆಯಿಲ್ಲ. ಉಳಿದಂತೆ ಅದು 'ಹಾಸನಗೆ', 'ಮೈಸೂರುಗೆ' ಹೊರಡುತ್ತದೆ. ಹಾಸನಕ್ಕೆ, ಮೈಸೂರಿಗೆ ಎಂದೂ ತಲುಪುವುದಿಲ್ಲ. ದಾಳಿ ಮಾಡಿದವರು ಹೆಂಗಸಾಗಲಿ ಗಂಡಸಾಗಲಿ, ವರದಿಯಲ್ಲಿ 'ಗೆದ್ದನು' ಎಂದೇ ಇರುತ್ತದೆ. 'ಗುರಿ: ಹಾಸನ', 'ಫಲಿತಾಂಶ: ಗೆಲುವು' ಎಂದು ಬರೆದಿದ್ದರೆ ಎರಡು ಸಮಸ್ಯೆಗಳೂ ಹುಟ್ಟುತ್ತಿರಲಿಲ್ಲ.

ನಾಲ್ಕನೆಯದು ಕೀಲಿಮಣೆ. ಡಬ್ಲ್ಯು, ಎ, ಎಸ್, ಡಿ ಕೀಲಿಗಳಿಂದ ಯೋಧನನ್ನು ನಡೆಸುವುದು ಲೋಕಾರೂಢಿ. ಭಾರತದ ಪ್ರಮಾಣಿತ ಇನ್‌ಸ್ಕ್ರಿಪ್ಟ್ ವಿನ್ಯಾಸ ಚಾಲೂ ಇದ್ದಾಗ ಅದೇ ಕೀಲಿಗಳು ಕ್ರಮವಾಗಿ ಐತ್ವ, ಓತ್ವ, ಏತ್ವ ಮತ್ತು ಹಲಂತ ಕೊಡುತ್ತವೆ. ಯಾವ ಜಾಗದ ಕೀಲಿ ಒತ್ತಲಾಯಿತು ಎಂಬುದನ್ನೂ ಬ್ರೌಸರ್ ತಿಳಿಸುತ್ತದೆ. ಆಟ ಅದನ್ನು ಬಿಟ್ಟು ಯಾವ ಅಕ್ಷರ ಮೂಡಿತು ಎಂದಷ್ಟೇ ಕೇಳುತ್ತದೆ. ಬಲಕ್ಕೆ ಓಡಬೇಕಾದ ಯೋಧ ಹಲಂತದ ಮುಂದೆ ಸ್ತಬ್ಧನಾಗಿ ನಿಂತು ಸಾಯುತ್ತಾನೆ.

ಐದನೆಯದು ಕಾಲ ಮತ್ತು ದೂರ. 2002ರ ಓಗೇಮ್, 2004ರ ಟ್ರಾವಿಯನ್ ಮುಂತಾದ ಬ್ರೌಸರ್ ಯುದ್ಧಗಳು ಜರ್ಮನಿಯಲ್ಲಿ ಹುಟ್ಟಿದವು. ಅಲ್ಲಿಯ ಗಡಿಯಾರ ಹಿಡಿದು ನಡೆಯುವ ಯಾವುದೇ ಆಟದಲ್ಲಿ ಮಧ್ಯರಾತ್ರಿಯ ಬಹುಮಾನ ಕರ್ನಾಟಕಕ್ಕೆ ಅಲ್ಲಿನ ಬೇಸಿಗೆಯಲ್ಲಿ ಬೆಳಗಿನ ಜಾವ 3:30ಕ್ಕೆ, ಚಳಿಗಾಲದಲ್ಲಿ 4:30ಕ್ಕೆ ಬರುತ್ತದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಿಸುವ ಈ ಸೇವೆಗೆ ಶುಲ್ಕವಿಲ್ಲ. ಇನ್ನು ದೂರದ ಲೆಕ್ಕ: ಬೆಳಕು ಆಪ್ಟಿಕಲ್ ಫೈಬರ್‌ನಲ್ಲಿ ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಮಾತ್ರ ಸಾಗುತ್ತದೆ. ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೂ ದೂರ 7,000 ಕಿಲೋಮೀಟರ್ ಮೀರುವುದರಿಂದ, ಹೋಗಿ ಬರಲು ಕನಿಷ್ಠ 70 ಮಿಲಿಸೆಕೆಂಡ್ ಭೌತಶಾಸ್ತ್ರವೇ ತೆಗೆದುಕೊಳ್ಳುತ್ತದೆ. ಹತ್ತಿರ ಸರ್ವರ್ ಇಡದ ತಯಾರಕರು ಉಳಿದ ವಿಳಂಬಕ್ಕೆ 'ನಿಮ್ಮ ಇಂಟರ್ನೆಟ್ ಪರೀಕ್ಷಿಸಿ' ಎಂಬ ಸಾಂತ್ವನ ಕಳಿಸುತ್ತಾರೆ.

ಕೊನೆಯದು ನೆನಪು. ಈ ಸೌಲಭ್ಯದಲ್ಲಿ ಭಾಷಾಭೇದವಿಲ್ಲ. ಆಟದ ಪ್ರಗತಿಯನ್ನು ಬ್ರೌಸರ್‌ನೊಳಗೇ ಇಡುವವರಿಗೆ ಸಫಾರಿ 2020ರಲ್ಲಿ ಪಾಠ ಕಲಿಸಿತು: ಸಫಾರಿ ಬಳಸುತ್ತಿದ್ದೂ 7 ದಿನ ಆ ತಾಣದತ್ತ ಸುಳಿಯದಿದ್ದರೆ ಸ್ಕ್ರಿಪ್ಟ್ ಬರೆದಿಟ್ಟ ದಾಸ್ತಾನು ಅಳಿಸಿಹೋಗುತ್ತದೆ. ಅದೇ ವರ್ಷದ ಡಿಸೆಂಬರ್ 31ಕ್ಕೆ ಹಲವು ಬ್ರೌಸರ್ ಆಟಗಳನ್ನು ಆಡಿಸುತ್ತಿದ್ದ ಅಡೋಬಿ ಫ್ಲ್ಯಾಶ್ ತಂತ್ರಜ್ಞಾನದ ಬೆಂಬಲ ಮುಗಿಯಿತು. 2009ರಲ್ಲಿ ಆರಂಭವಾಗಿದ್ದ ಫಾರ್ಮ್‌ವಿಲ್‌ನ ಹೊಲಗಳೂ ಅಂದೇ ಮುಚ್ಚಿದವು. ಫ್ಲ್ಯಾಶ್ ಬೆಂಬಲ ಮುಗಿಸುವ ನಿರ್ಧಾರ 2017ರಲ್ಲೇ ಪ್ರಕಟವಾಗಿತ್ತು. ಮೂರು ವರ್ಷದ ಮುನ್ಸೂಚನೆಯಿದ್ದೂ ಹೊಸ ತಂತ್ರಜ್ಞಾನಕ್ಕೆ ದಾಟದ ಅಸಂಖ್ಯ ಆಟಗಳಲ್ಲಿ ಕೆಲವನ್ನು ರಫಲ್‌ನಂಥ ಎಮ್ಯುಲೇಟರ್‌ಗಳು ಇಂದು ಮತ್ತೆ ಆಡಿಸುತ್ತಿವೆ.

ಭಾಷೆಗೆ ಸಂಬಂಧಿಸಿದ ಸೌಲಭ್ಯಗಳ ಶ್ರೇಯಸ್ಸನ್ನು ಕನ್ನಡದ ಕಷ್ಟಕ್ಕೆ ಸಲ್ಲಿಸುವುದು ಅನ್ಯಾಯ. ಅದು ಪೂರ್ತಿ ತಯಾರಕರದು. ಹೆಸರನ್ನು ಬೈಟ್ ಬದಲು ಸಂಕೇತಗಳ ಲೆಕ್ಕದಲ್ಲಿ ಎಣಿಸುವುದು, ಒತ್ತು ಕೂಡಿಸುವುದು, ಒತ್ತಿದ ಕೀಲಿಯ ಜಾಗ ಹೇಳುವುದು, ಸರ್ವರ್‌ನ ಸಮಯವನ್ನು ಆಟಗಾರನ ಊರಿನ ಸಮಯಕ್ಕೆ ಬದಲಿಸುವುದು, ಇವಿಷ್ಟೂ ಬ್ರೌಸರ್‌ಗೆ ಬರುತ್ತದೆ. ಆಟ ಕೇಳಬೇಕು, ಅಷ್ಟೇ. ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸುವ ಮುನ್ನ ಕನ್ನಡ ಓದಬಲ್ಲ ಒಬ್ಬರಿಂದ ಆಡಿಸಿ ನೋಡಿದರೆ ಬಹುಪಾಲು ದೋಷ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿಬೀಳುತ್ತದೆ. ಸದ್ಯ ಆ ಪರೀಕ್ಷೆಯ ಕೆಲಸವನ್ನು ಆಟಗಾರರೇ ನಡೆಸಿಕೊಡುತ್ತಿದ್ದಾರೆ. ಅವರ ಸಂಬಳದ ಪ್ರಸ್ತಾವ ಮಾತ್ರ ಇನ್ನೂ ಬಂದಿಲ್ಲ.

ಇತಿ,
ಕನ್ನಡ ಆಟಗಾರರ ಪರವಾಗಿ