ಮೊದಲು ರೇಟು ಹೇಳಿ, ಸ್ಯಾಂಪಲ್ ಕಳಿಸಿ

ಸಗಟು ವ್ಯಾಪಾರಿಗಳಿಗೆ, ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಗಳಿಗೆ ಮಾರ್ಕೆಟಿಂಗ್ ಬರಹ ಬರೆದುಕೊಡುವ ಎಲ್ಲರಿಗೂ,

ನಾನು ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್‌ನ ಒಂದು ಮ್ಯಾಚಿಂಗ್ ಸೆಂಟರ್‌ನಲ್ಲಿ ಖರೀದಿ ನೋಡಿಕೊಳ್ಳುವವಳು. ಬ್ಲೌಸ್ ಪೀಸ್, ಲೈನಿಂಗ್, ಫಾಲ್ಸ್, ಲೇಸ್ ನಮ್ಮ ಮಾಲು. ನೀವು ಬರೆದದ್ದು ಕಡೆಗೆ ಬಂದು ಸೇರುವುದು ನಮ್ಮಂಥವರ ಫೋನಿಗೆ. ಅಂಗಡಿಯವರಿಗೆ ಓದುವ ವ್ಯವಧಾನವಿಲ್ಲ, ಹೇಗಾದರೂ ಮಾಡಿ ಕಣ್ಣು ಸೆಳೆಯಬೇಕು ಎಂದು ನಿಮ್ಮಲ್ಲಿ ಅನೇಕರು ನಂಬಿದ್ದೀರಿ. ಆ ನಂಬಿಕೆ ತಪ್ಪು. ನಾವು ಓದುತ್ತೇವೆ. ಕೈಯಿಂದ ದುಡ್ಡು ಹಾಕಿ ಮಾಲು ತರಿಸುವವರು ಹೇಗೆ ಓದಬೇಕೋ ಹಾಗೆ ಓದುತ್ತೇವೆ. ನಮಗೆ ಬೇಕಾದದ್ದು ನಿಮ್ಮ ಬರಹದಲ್ಲಿ ಸಿಗುವುದಿಲ್ಲ, ಅಷ್ಟೇ.

ನಮ್ಮ ಗಲ್ಲಾದ ಪಕ್ಕದ ಖಾನೆಯಲ್ಲಿ ಒಂದು ಶೇಡ್ ಕಾರ್ಡ್ ಇದೆ. ನೂಲಿನ ತುಂಡುಗಳನ್ನು ಸಾಲಾಗಿ ಅಂಟಿಸಿ, ಪ್ರತಿಯೊಂದರ ಕೆಳಗೂ ನಂಬರು ಹಾಕಿದ ರಟ್ಟು ಅದು. ಅಂಚು ಸವೆದಿದೆ, ಮಡಿಕೆಗೆ ಟೇಪು ಸುತ್ತಿದ್ದೇವೆ. ಗಿರಾಕಿ ಸೀರೆ ಬಿಚ್ಚಿ ‘ಇದಕ್ಕೆ ಸರಿಯಾಗಿ ಕೂರುವ ಬಣ್ಣ ಕೊಡಿ’ ಅಂದಾಗ ಕೌಂಟರಿನ ಹುಡುಗ ಆ ರಟ್ಟನ್ನೇ ತೆಗೆಯುತ್ತಾನೆ. ರಾಮಾ ಗ್ರೀನೋ ಆನಂದಾ ಬ್ಲೂವೋ ಎಂಬ ಅನುಮಾನ ಬಂದರೆ ಟ್ಯೂಬ್‌ಲೈಟ್ ಬೆಳಕನ್ನು ನಂಬದೆ ಸೀರೆ, ರಟ್ಟು ಎರಡನ್ನೂ ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿಯುತ್ತಾನೆ. ನಂಬರು ಸಿಕ್ಕಿತೆಂದರೆ ಆರ್ಡರೂ ಆದಂತೆ. ಆ ರಟ್ಟೂ ಮಾರ್ಕೆಟಿಂಗ್ ಬರಹವೇ. ‘ನಮ್ಮದೇ ಶ್ರೇಷ್ಠ’ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಆದರೂ ದಿನಕ್ಕೆ ಹತ್ತಾರು ಸಲ ಕೈಗೆ ಬರುತ್ತದೆ, ಪ್ರತಿ ಸಲವೂ ಆ ಕಂಪನಿಯ ಹೆಸರು ಕಣ್ಣಿಗೆ ಬೀಳುತ್ತದೆ.

ಗೋಡೆಯ ಕ್ಯಾಲೆಂಡರಿನದೂ ಇದೇ ಕತೆ. ಸಗಟು ಅಂಗಡಿಯವರು ತಮ್ಮ ಹೆಸರು ಅಚ್ಚು ಹಾಕಿಸಿ ಹಂಚುವ ಕ್ಯಾಲೆಂಡರನ್ನು ವರ್ಷವಿಡೀ ಯಾರೂ ಕೆಳಗಿಳಿಸುವುದಿಲ್ಲ. ಯಾರಿಗೆ ಯಾವತ್ತು ಪೇಮೆಂಟ್ ಕೊಡಬೇಕು, ಯಾವ ಚೆಕ್ಕು ಯಾವತ್ತು ಬ್ಯಾಂಕಿಗೆ ಹೋಗುತ್ತದೆ ಎಂದು ಅದರ ಮೇಲೆಯೇ ಪೆನ್ನಿನಲ್ಲಿ ಗುರುತು ಹಾಕುತ್ತೇವೆ. ಕೆಲಸಕ್ಕೆ ಬರುವ ಕಾಗದ ಅಂಗಡಿಯಲ್ಲಿ ತಾನಾಗಿ ಉಳಿಯುತ್ತದೆ.

ಈಗ ಫೋನಿಗೆ ಬರುವುದನ್ನು ನೋಡಿ. 2018ರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದ ಮೇಲೆ ಸೂರತ್ತಿನ ಹೊಸ ಡಿಸೈನು ಮಿಲ್ಲಿನಿಂದ ಹೊರಡುವ ಮೊದಲೇ ಅದರ ಫೋಟೊ ಇಲ್ಲಿಗೆ ಬಂದಿರುತ್ತದೆ. ಅನುಕೂಲವೇ. ಆದರೆ ಎಷ್ಟೋ ಫೋಟೊಗಳ ಜೊತೆ ರೇಟು ಇರುವುದಿಲ್ಲ, ‘ರೇಟಿಗೆ ಮೆಸೇಜ್ ಮಾಡಿ’ ಎಂದಿರುತ್ತದೆ. ಬಟ್ಟೆಯ ಪನ್ನ (ಅಗಲ) ಎಷ್ಟು, ಒಗೆದರೆ ಎಷ್ಟು ಕುಗ್ಗುತ್ತದೆ, ಬಣ್ಣ ಬಿಡುತ್ತದೆಯೇ, ಕಡಿಮೆಯೆಂದರೆ ಎಷ್ಟು ಮೀಟರು ತಗೋಬೇಕು, ಉದ್ರಿ ಎಷ್ಟು ದಿನ, ಡ್ಯಾಮೇಜ್ ಪೀಸು ವಾಪಸ್ ತಗೋತೀರಾ – ಇದ್ಯಾವುದೂ ಇರುವುದಿಲ್ಲ. ಬದಲಿಗೆ ‘ನಿಮ್ಮ ವ್ಯಾಪಾರವನ್ನು ಮುಂದಿನ ಹಂತಕ್ಕೆ ಒಯ್ಯಿರಿ’ ಎಂಬ ಸಾಲು. ಹತ್ತು ತಾನು ಬಟ್ಟೆ ತರಿಸುವುದೋ ಬೇಡವೋ ಎಂದು ತೀರ್ಮಾನಿಸಲು ಆ ಸಾಲು ಏನು ನೆರವಾದೀತು?

ನಮ್ಮ ಓದು ಹೇಗೆ ನಡೆಯುತ್ತದೆ ಎಂದು ತಿಳಿದರೆ ನಿಮ್ಮ ಬರಹ ಬದಲಾದೀತು. ಬೆಳಿಗ್ಗೆ ಬೋಣಿ ಆಗುವವರೆಗೆ ಫೋನಿನ ಕಡೆ ಯಾರೂ ತಲೆ ಹಾಕುವುದಿಲ್ಲ. ಮಧ್ಯಾಹ್ನ ಗಿರಾಕಿ ತೆಳುವಾದಾಗ ಒಂದಿಷ್ಟು ನೋಡುತ್ತೇವೆ. ಪೂರ್ತಿ ಓದುವುದು ರಾತ್ರಿ, ಅರ್ಧ ಶಟರ್ ಎಳೆದು ಲೆಕ್ಕ ಮುಗಿಸಿದ ಮೇಲೆ. ಓದುವವರೂ ಒಬ್ಬರಲ್ಲ. ನನಗೆ ಬಂದದ್ದನ್ನು ಯಜಮಾನರಿಗೆ ತೋರಿಸುತ್ತೇನೆ, ಅವರು ಅಕೌಂಟೆಂಟ್‌ಗೆ ಕಳಿಸುತ್ತಾರೆ. ಹೊಸ ಪಾರ್ಟಿಯಾದರೆ ಫೋನು ಪಕ್ಕದ ಅಂಗಡಿಗೂ ಹೋಗುತ್ತದೆ: ‘ಭಾಯ್, ಇವರ ಹತ್ರ ಮಾಲು ತಗೊಂಡಿದ್ದೀರಾ? ಹೇಗಿದೆ?’ ಪಕ್ಕದವರು ತಲೆಯಾಡಿಸಿದರೆ ಮಾತ್ರ ಮುಂದಿನ ಮಾತು. ಕನ್ನಡ, ತಮಿಳು, ದಖನಿ, ಮಾರವಾಡಿ ಎಲ್ಲವೂ ನಡೆಯುವ ಬೀದಿ ಇದು. ಹೀಗೆ ಕೈಯಿಂದ ಕೈಗೆ ಹೋಗುವ ಬರಹ ಬರೀ ಇಂಗ್ಲಿಷಿನಲ್ಲಿದ್ದರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಕನ್ನಡದಲ್ಲಿ ಬರೆಯಿರಿ, ಇಲ್ಲವೇ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ.

ಬೀದಿಯ ಸ್ಥಿತಿಯನ್ನೂ ತಿಳಿದುಕೊಳ್ಳಿ. 2019ರಲ್ಲಿ ಮೆಟ್ರೊ ಸುರಂಗದ ಕೆಲಸಕ್ಕೆ ನಮ್ಮ ಬೀದಿಗೆ ಬರುವ ಕಾಮರಾಜ ರಸ್ತೆಯಲ್ಲಿ ವಾಹನ ಓಡಾಟ ನಿಂತಿತು. ಮರುವರ್ಷ ಕೊರೊನಾ. ಅದರ ಬೆನ್ನಿಗೇ ಸ್ಮಾರ್ಟ್ ಸಿಟಿ ಯೋಜನೆಯಡಿ ಕಮರ್ಷಿಯಲ್ ಸ್ಟ್ರೀಟನ್ನೇ ಅಗೆದರು. ಗಿರಾಕಿ ಮಣ್ಣಿನ ಗುಡ್ಡೆ ದಾಟಿ ಬರಬೇಕಿದ್ದ ದಿನಗಳಲ್ಲೂ ಫೋನಿಗೆ ಬರುತ್ತಿದ್ದದ್ದು ‘ನಿಮ್ಮ ಅಂಗಡಿಗೆ ಜನರನ್ನು ಸೆಳೆಯಿರಿ’ ಎಂಬ ಮೆಸೇಜುಗಳು. ಕಷ್ಟದಲ್ಲಿದ್ದವರಿಗೆ ಅದು ನೋವಿನ ಮಾತು. ಆಗ ಯಾರಾದರೂ ಮನೆಗೆ ಡೆಲಿವರಿ ಮಾಡುವುದು ಹೇಗೆ, ಅದಕ್ಕೆ ಎಷ್ಟು ಖರ್ಚು ಎಂದು ಒಂದು ಪುಟ ಬರೆದಿದ್ದರೆ ಇಡೀ ಬೀದಿ ಓದುತ್ತಿತ್ತು.

ಹಾಗೆ ಓದಿದ್ದೂ ಉಂಟು. 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಎಷ್ಟೋ ಕಡೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿತು. ಮಾಲು ಮಾರುವವರ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲು, ತರಕಾರಿಯಂಥ ವಿನಾಯಿತಿ ಮಾಲಿಗೆ ತೆರಿಗೆಯಿಲ್ಲ – ಇಷ್ಟನ್ನು ತಿಳಿಯಾಗಿ ಹೇಳಿದ್ದನ್ನೆಲ್ಲ ಜನ ಹುಡುಕಿ ಓದಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತು. ಪೀಸಿಗೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ಹಳೇ ಸ್ಟಾಕಿಗೆ ಬಿಲ್ ಹೇಗೆ, ಸಾಫ್ಟ್‌ವೇರಿನಲ್ಲಿ ದರ ಎಲ್ಲಿ ಬದಲಿಸಬೇಕು ಎಂಬುದು ಪ್ರತಿ ಅಂಗಡಿಯ ಪ್ರಶ್ನೆಯಾಗಿತ್ತು. ಆ ವಾರ ಅದಕ್ಕೆ ಸರಿಯಾಗಿ ಉತ್ತರ ಬರೆದ ಕಂಪನಿ ನಮ್ಮ ನಂಬಿಕೆ ಗಳಿಸಿತು. ಹಬ್ಬದ ಶುಭಾಶಯ ಕಳಿಸಿದ ಕಂಪನಿ ಯಾವುದೆಂದು ಇಂದು ಯಾರಿಗೂ ನೆನಪಿಲ್ಲ.

ಬೇಡ ಎಂದವರನ್ನು ಬಿಟ್ಟುಬಿಡಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ 1909ಕ್ಕೆ ತಿಳಿಸಿ ಪ್ರಚಾರದ ಕರೆಗಳನ್ನು ತಡೆಯುವ ಹಕ್ಕು ನಮಗಿದೆ. ಆದರೂ ಮಾಮೂಲಿ ಮೊಬೈಲ್ ನಂಬರಿನಿಂದ ಕರೆ ಬರುತ್ತದೆ. ಹೊಸ ಗಿರಾಕಿ ಇರಬಹುದೆಂದು ಅಂಗಡಿಯವರು ಪ್ರತಿ ಕರೆಯನ್ನೂ ಎತ್ತಲೇಬೇಕು. ಆ ಅನಿವಾರ್ಯವನ್ನು ಬಳಸಿಕೊಳ್ಳುವುದು ಅನ್ಯಾಯ.

ಒಂದು ಮಧ್ಯಾಹ್ನ ಬನ್ನಿ. ಇಂದಿರಾನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಮೂರನೇ ನಿಲ್ದಾಣ ಎಂ.ಜಿ. ರೋಡ್, ಅಲ್ಲಿಂದ ಕಾಮರಾಜ ರಸ್ತೆ ಹಿಡಿದು ನಡೆದರೆ ನಮ್ಮ ಬೀದಿ. ಕೌಂಟರಿನ ಈಚೆ ನಿಂತು, ಗಿರಾಕಿ ಏನು ಕೇಳುತ್ತಾರೆ, ನಾವು ಏನು ಗೊತ್ತಿಲ್ಲದೆ ತಡವರಿಸುತ್ತೇವೆ ಎಂದು ನೋಡಿ. ನಾವು ತಡವರಿಸಿದ ಕಡೆಯಿಂದಲೇ ನಿಮ್ಮ ಬರಹ ಶುರುವಾಗಲಿ. ರೇಟು ಮೊದಲ ಸಾಲಿನಲ್ಲಿರಲಿ, ಸ್ಯಾಂಪಲ್ ಕೊರಿಯರ್‌ನಲ್ಲಿ ಬರಲಿ, ಕೆಳಗೆ ಹೆಸರು ಹಾಕಿ ಜವಾಬ್ದಾರಿ ಹೊರುವ ಒಬ್ಬ ಮನುಷ್ಯನ ಫೋನ್ ನಂಬರಿರಲಿ. ಅಂಥದ್ದನ್ನು ನಾವು ಎರಡು ಸಲ ಓದುತ್ತೇವೆ, ಪಕ್ಕದ ಅಂಗಡಿಗೂ ನಾವೇ ಕಳಿಸುತ್ತೇವೆ.

ಇಂತಿ,
ಕಮರ್ಷಿಯಲ್ ಸ್ಟ್ರೀಟ್‌ನ ಒಬ್ಬ ಖರೀದಿದಾರಳು