ಗಂಡಿಲ್ಲದ ಬಸಿರು

ನಮ್ಮೂರು ತೊರಪಲ್ಲಿ ಅಗ್ರಹಾರ, 1878ರಲ್ಲಿ ರಾಜಾಜಿ ಹುಟ್ಟಿದ ಊರು. ನಮ್ಮನೆಯಲ್ಲಿ ಮಾತ್ರ ಹುಟ್ಟದ ಮರಿಗಳಿಗಾಗಿ ಸಡಗರ. ನಮ್ಮ ಹೆಣ್ಣು ಮೊಲ ಬಾಯ್ತುಂಬ ಹುಲ್ಲು ಕಚ್ಚಿ ಮೂಲೆಗೆ ಸಾಗಿಸಿತು. ಎದೆಯ ಕೂದಲು ಕಿತ್ತು ಮೆತ್ತೆ ಹಾಸಿತು. ಹತ್ತಿರ ಹೋದರೆ ಗುರ್!

"ಗಂಡೇ ಇಲ್ದೆ ಇದೇನೇ ನಿನ್ನ ಅವತಾರ?" ಅಜ್ಜಿ ಗಲ್ಲಕ್ಕೆ ಕೈಯಿಟ್ಟರು.

ತಪ್ಪು ಜೊತೆಗಿದ್ದ ಇನ್ನೊಂದು ಹೆಣ್ಣಿನದು. ಅದು ಬೆನ್ನೇರಿದರೂ ಸಾಕು, ಅಂಡಾಣು ಬಿಡುಗಡೆಯಾಗಿ, ಹಾರ್ಮೋನು ಮೈಯನ್ನು ಬಸಿರೆಂದು ನಂಬಿಸಿಬಿಡುತ್ತದೆ. ನಿಜವಾದ ಬಸಿರಿಗೆ ಸುಮಾರು 31 ದಿನ. ಈ ಸುಳ್ಳಿಗೆ 16ರಿಂದ 18. ಗೂಡು ಕೆಡಿಸಿದರೆ ಇನ್ನಷ್ಟು ಕೂದಲು ಕಿತ್ತೀತೆಂದು ನಾವು ಸುಮ್ಮನಿದ್ದೆವು. ಅಜ್ಜಿ ಬಯಕೆಯ ಲೆಕ್ಕದಲ್ಲಿ ದಿನಾ ಕೊತ್ತಂಬರಿ ಸೊಪ್ಪು ಇಟ್ಟರು. ಕೊನೆಗೆ ಬಾಣಂತಿ ತನ್ನ ಹಾಸಿಗೆಯ ಹುಲ್ಲನ್ನೇ ಮೆಂದು ಮುಗಿಸಿತು.