ತಗ್ಗಿದ ಕಾರು, ಬಗ್ಗದ ಹಂಪು

ವೇಗದ ಕಾರು ಕೊಂಡವರ ಮೊದಲ ಹರಕೆಯೇ ಅದನ್ನು ನೆಲಕ್ಕೆ ತಗ್ಗಿಸುವುದು. ಗಟ್ಟಿ ಸ್ಪ್ರಿಂಗ್ ಹಾಕಿಸಿ 40 ಮಿಲಿಮೀಟರ್ ಇಳಿಸಿದರೆ ಗುರುತ್ವಕೇಂದ್ರವೂ ಇಳಿಯುತ್ತದೆ, ತಿರುವಿನಲ್ಲಿ ಕಾರು ವಾಲುವುದಿಲ್ಲ ಎಂಬುದು ವಾದ. ಅರ್ಧ ಸತ್ಯ. ನಮ್ಮಲ್ಲಿನ ಬಹುಪಾಲು ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸಸ್ಪೆನ್ಷನ್. ಅದನ್ನು ತಗ್ಗಿಸಿದರೆ ಕಾರು ಯಾವುದರ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಎಂಬ ಕಾಣದ ಬಿಂದು ಗುರುತ್ವಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿದು, ಕಾರನ್ನು ವಾಲಿಸುವ ಸನ್ನೆಕೋಲು ಉದ್ದವಾಗುತ್ತದೆ. ಚಕ್ರ ಮೇಲೇರಲು ಉಳಿದ ಅಲ್ಪಸ್ವಲ್ಪ ಜಾಗವೂ ಮುಗಿದರೆ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡೇ ಸ್ಪ್ರಿಂಗ್! ಸಾವಿರಾರು ರೂಪಾಯಿ ಸುರಿದು ಕೊನೆಗೆ ರಬ್ಬರಿನ ಮೇಲೆ ಕೂತಂತಾಯಿತು.

"ರೇಸ್ ಕಾರುಗಳು ಗಟ್ಟಿಯಾಗಿಲ್ಲವೇ?" ಎಂದು ಕೇಳಬಹುದು. ಇವೆ; ಆದರೆ ಅವು ಓಡುವುದು ನುಣುಪಾದ ಟ್ರ್ಯಾಕಿನಲ್ಲಿ. ನಮ್ಮ ರಸ್ತೆಯಲ್ಲಿ ಹಂಪುಗಳಿವೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿಗೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಬಡಾವಣೆಯ ಹಂಪು ಯಾವ ಕಾಂಗ್ರೆಸ್ಸಿಗೂ ಜಗ್ಗುವುದಿಲ್ಲ. ಉಬ್ಬುತಗ್ಗಿನಲ್ಲಿ ಚಕ್ರ ನೆಲ ಬಿಟ್ಟರೆ ಹಿಡಿತವೂ ಬಿಟ್ಟಂತೆ. ಹಾಗಾಗಿ ಮೊದಲು ಒಳ್ಳೆಯ ಟೈರು, ಆಮೇಲೆ ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕುವ ಡ್ಯಾಂಪರ್, ಅದರ ಹಿಂದೆ ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್, ಸ್ಪ್ರಿಂಗ್ ಕಟ್ಟಕಡೆಗೆ. "ನೋಡೋಕೆ ಚೆಂದ ಕಾಣಬೇಕಲ್ಲ?" ಎನ್ನುವವರು ಕಾರನ್ನು ನಿಲ್ಲಿಸಿಯೇ ಇಟ್ಟುಕೊಳ್ಳಲಿ, ನಿಂತ ಕಾರಿಗೆ ಯಾವ ಸಸ್ಪೆನ್ಷನ್ ಆದರೇನು!